ಹ್ಞೂಂ ಅನ್ನದ ಕಥೆ

ಕಥಿಯವ್ವನ ಬಲಗಿವಿಯ ಹಾಲೆ ಹರಿದು ಎರಡು ಎಸಳಾಗಿತ್ತು. ಎಡಗಿವಿ ಕೇಳುತ್ತಿರಲಿಲ್ಲ. ಕಥೆ ಹೇಳುವಾಗ ಆ ಹರಿದ ಕಿವಿಯನ್ನೇ ನಮ್ಮತ್ತ ತಿರುಗಿಸಿ ಕೂಡುತ್ತಿದ್ದಳು, ‘ಹ್ಞೂಂ’ ಕೇಳಲಿಕ್ಕೆ. ನಮ್ಮ ಕಡೆ ಕಥೆಗೆ ಹ್ಞೂಂಗುಟ್ಟುವವರು ಬೇಕು. ಹ್ಞೂಂ ನಿಂತಿತೋ, ಕಥೆಯೂ ನಿಂತಿತು. “ನಿದ್ದಿ ಹತ್ತೇದೇನ್ ನಿಮಗ? ಕಂಬಕ್ಕ ಹೇಳ್ಲೇನು ಮತ್ತ?” ಎಂದು ಗದರುತ್ತಿದ್ದಳು.

ಆಕೆ ಕಲಬುರಗಿಯ ಕ್ರೈಸ್ತ ಮಿಶನ್‌ನವಳು. ಸಂತೆ ಬಂಡಿ ಹತ್ತಿ ಕಮಲಾಪುರಕ್ಕೆ ಬಂದರೆ, ನಮ್ಮ ಬೀಸುವ ಕಲ್ಲಿನ ಗೂಟಕ್ಕೆ ತಾನೂ ಒಂದು ಕೈ ಹಚ್ಚಿ, ಯೆಹೂದ್ಯರ ಹಳೆಯ ಗ್ರಂಥದ ಕಥೆ ಹೇಳುವಳು. ದೇವರ ಗ್ರಂಥದಲ್ಲಿ ಒಳ್ಳೆಯವರಷ್ಟೇ ಇರುತ್ತಾರೆ ಎಂದುಕೊಂಡಿದ್ದ ನನಗೆ ಸೋಜಿಗ: ಲಂಚ ತಿನ್ನುವ ನ್ಯಾಯಾಧೀಶರು, ನೈವೇದ್ಯಕ್ಕೇ ಕೈ ಹಾಕುವ ಪೂಜಾರಿಯ ಮಕ್ಕಳು, ದಾರಿಗೆಟ್ಟ ಅರಸರು.

“ಇಂಥವರನ್ನ ಯಾಕ ಬರದಿಟ್ಟಾರ ಯವ್ವಾ?”

“ಮುಚ್ಚಿಟ್ರ ನಾಳೆ ಅವರ ಗುರ್ತ ನಿನಗ ಹೆಂಗ ಸಿಗಬೇಕು?”

ನಾನಾಗ ಹೊಸ ಸೊಸೆ. ನಮ್ಮ ಮಾವನವರ ಕೆಂಪು ಬಾಳೆಯ ತೋಟ ಊರ ಗೌಡರ ಹೊಲಕ್ಕೆ ಹೊಂದಿಕೊಂಡಿತ್ತು. ಗೌಡರು ಕೇಳಿದರು, ಮಾವನವರು ಕೊಡಲಿಲ್ಲ. ಆಮೇಲೆ ಸುದ್ದಿ ಬಂತು: ಮಾವನವರು ನಿಜಾಮ ಸರ್ಕಾರವನ್ನು ಬೈದರೆಂದು ಕಚೇರಿಯಲ್ಲಿ ಸಾಕ್ಷಿ ಹೇಳಲು ಗೌಡರು ತಮ್ಮ ಮನೆಯಾಳನ್ನು ತಯಾರು ಮಾಡಿದ್ದಾರೆ. ಆ ಸಾಕ್ಷಿ ನಿಂತರೆ ಮಾವನವರು ಜೈಲಿಗೆ, ತೋಟ ಗೌಡರಿಗೆ. ಬೀಸುತ್ತಲೇ ಕಣ್ಣೀರು ಹಾಕಿ ಹೇಳಿಕೊಂಡೆ. ಕಥಿಯವ್ವ ಗೂಟ ಬಿಡದೆ ಎಲ್ಲ ಕೇಳಿಸಿಕೊಂಡಳು.

ಅದೇ ವಾರ ಗೌಡರ ಮನೆಯಲ್ಲಿ ತೊಟ್ಟಿಲು. ಊರ ಹೆಂಗಸರೆಲ್ಲ ಹೋಗಲೇಬೇಕು, ನಾನೂ ಹೋದೆ. ಗೌಡರ ತಾಯಿ ಕಥೆಗೆಂದು ಕಥಿಯವ್ವನನ್ನು ಕರೆಸಿದ್ದರು. ತುಂಬಿದ ಪಡಸಾಲೆಯಲ್ಲಿ ಗೌಡರದೇ ಜೋರು ಹ್ಞೂಂ.

“ಒಬ್ಬ ಅರಸ.”

“ಹ್ಞೂಂ.”

“ಅವನ ಅರಮನಿ ಬಾಜೂಕ ಒಬ್ಬನ ದ್ರಾಕ್ಷಿ ತೋಟ.”

“ಹ್ಞೂಂ.”

“ಕೊಡು ಅಂದ ಅರಸ. ಅಪ್ಪ ಬಿಟ್ಟ ಮಣ್ಣು, ಕೊಡಾಂಗಿಲ್ಲ ಅಂದ ಇಂವ.”

ಗೌಡರ ಹ್ಞೂಂ ಸಣ್ಣದಾಯಿತು.

“ದೇವರಿಗೂ ಅರಸಗೂ ಇಂವ ಬೈದಾನಂತ ಹೇಳಾಕ ಅರಮನಿಯವರು ಸುಳ್ಳು ಸಾಕ್ಷಿ ಹುಡುಕಿದ್ರು.”

ಯಾರಿಂದಲೂ ಹ್ಞೂಂ ಬರಲಿಲ್ಲ. ಕಥಿಯವ್ವ ಹರಿದ ಕಿವಿ ತಿರುಗಿಸಿ ಕಾದಳು. “ಹ್ಞೂಂ ಅನ್ರೆಪಾ. ಮುಂದ ಹೇಳಬೇಕಲ್ಲ?”

ಕಂಬಕ್ಕೆ ಒರಗಿದ್ದ ಆ ಮನೆಯಾಳು ಎದ್ದು ನಿಂತ.

“ನಾ ಅನ್ನಾಂಗಿಲ್ಲ ಯವ್ವಾ,” ಅಂದ. ಆಮೇಲೆ ಗೌಡರತ್ತ ತಿರುಗಿ, “ಕಚೇರ್ಯಾಗೂ ಅನ್ನಾಂಗಿಲ್ರಿ ಧಣಿ.”

ಗೌಡರು ಇಬ್ಬರನ್ನೂ ಹೊರಗೆ ಹಾಕಿಸಿದರು. ಸಾಕ್ಷಿಯಿಲ್ಲದೆ ಮೊಕದ್ದಮೆ ಏಳಲೇ ಇಲ್ಲ. ಆತ ನಮ್ಮ ತೋಟಕ್ಕೆ ನೀರುಣಿಸುತ್ತ ಉಳಿದ. ಕಥಿಯವ್ವ ಮಾತ್ರ ಮತ್ತೆ ನಮ್ಮೂರಿಗೆ ಕಾಲಿಡುವ ಹಾಗಿರಲಿಲ್ಲ.

ಎಷ್ಟೋ ವರ್ಷದ ಮೇಲೆ, ಆಕೆ ಹಾಸಿಗೆ ಹಿಡಿದಿದ್ದಾಳೆಂದು ತಿಳಿದು, ಉಡಿಯಲ್ಲಿ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಕಲಬುರಗಿಗೆ ಹೋದೆ.

“ಯವ್ವಾ, ಆ ದ್ರಾಕ್ಷಿ ತೋಟದಾಂವ ಏನಾದ? ಅವತ್ತು ಕಥಿ ಅಲ್ಲೇ ನಿಂತಿತ್ತಲ್ಲ.”

ದಿಂಬಿನ ಮೇಲೆ ಮೆಲ್ಲಗೆ ಹೊರಳಿ ಹರಿದ ಕಿವಿ ನನ್ನತ್ತ ಮಾಡಿದಳು.

“ಹ್ಞೂಂ,” ಅಂದೆ.

“ಆ ಊರಾಗ ಎಲ್ಲಾರೂ ಹ್ಞೂಂ ಅಂದ್ರು ಮಗಳ. ಅಂವನ್ನ ಕಲ್ಲು ಹೊಡದು ಕೊಂದ್ರು.”

ಅದೇ ಆಕೆ ನನಗೆ ಹೇಳಿದ ಕೊನೆಯ ಕಥೆ. ನಮ್ಮ ಮಾವನವರು ಹಣ್ಣುಹಣ್ಣು ಮುದುಕರಾಗಿ, ತಮ್ಮ ಬಾಳೆಯ ನೆರಳಲ್ಲೇ ಕಣ್ಣು ಮುಚ್ಚಿದರು.