ಮೂರು ಕಹಿ ಹೀರೆಕಾಯಿ

ಇದನ್ನು ಬರೆಯಬೇಕೆಂದು ಕೂತು ಎದ್ದುಹೋದದ್ದು ಎಷ್ಟು ಸಲವೋ ಗೊತ್ತಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ಪೊರೆ ತೆಗೆಸಿ ಎರಡು ವರ್ಷವಾಯಿತು. ಹೆಂಡತಿಗೆ ಹೇಳಿ ಬರೆಯೋಣ ಎಂದುಕೊಂಡೆ. ಅವಳಿಗೂ ಹೇಳಿಯಾಯಿತು, ನಾಲ್ಕು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಇನ್ನು ನೆಪ ಉಳಿದಿಲ್ಲ. ನಾನು ಓದಿದ್ದು ಹತ್ತನೇ ತರಗತಿ, ಬದುಕಿದ್ದು ಅಡುಗೆಮನೆಗಳಲ್ಲಿ. ನಾನು ಮಾಡಿದ ತಪ್ಪೂ ಅಲ್ಲೇ ಆದದ್ದು.

ಶ್ರೀನಿವಾಸಪುರದ ಕಡೆ ಒಬ್ಬ ಅಡುಗೆಯವಳಿದ್ದಳು. ಮದುವೆಯಾಗಲಿ ತಿಥಿಯಾಗಲಿ, ಐನೂರು ಜನಕ್ಕೆ ಮುದ್ದೆ, ಸೊಪ್ಪಿನ ಸಾರು ಆಗಬೇಕೆಂದರೆ ಜನ ಅವಳನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಸಣ್ಣವರು ದೊಡ್ಡವರು ಎಲ್ಲರಿಗೂ ಅವಳು ಅಕ್ಕ. ನನಗಿಂತ ಆರೇಳು ವರ್ಷ ದೊಡ್ಡವಳು. ನಾನು ಅವಳ ಕೈಕೆಳಗೆ ತರಕಾರಿ ಹೆಚ್ಚುತ್ತಿದ್ದೆ. ಈಳಿಗೆಮಣೆಯ ಮೇಲೆ ಕೂರುವುದನ್ನು ಅವಳೇ ಕಲಿಸಿದಳು. ಬದನೆಕಾಯಿ ಹೆಚ್ಚಿದ ತಕ್ಷಣ ನೀರಿಗೆ ಬೀಳಬೇಕು, ಅಣ್ಣೆಸೊಪ್ಪು ಬೇಯುವ ಹೊತ್ತು ಬೇರೆ, ಗಣಿಕೆಸೊಪ್ಪು ಬೇಯುವ ಹೊತ್ತು ಬೇರೆ, ಇಂಥವನ್ನೆಲ್ಲ ಬೈದು ಬೈದು ತಲೆಗೆ ತುಂಬಿದಳು.

ಮುಳಬಾಗಿಲಿನ ಒಂದು ಮದುವೆಯಲ್ಲಿ ಅವಳು ಯಾವುದೋ ಕೆಲಸಕ್ಕೆ ಪೇಟೆಗೆ ಹೋಗಿದ್ದಳು. ಬರುವುದರೊಳಗೆ ಬಸ್ಸಾರು ಮಾಡಿ ತೋರಿಸಿಬಿಡುತ್ತೇನೆ ಎಂದು ನಾನು ಹೊರಟೆ. ಸೊಪ್ಪು, ಕಾಳು ಬೇಯಿಸಿ, ಆ ನೀರನ್ನು ಬಸಿದು, ರುಬ್ಬಿದ ಖಾರ ಹಾಕಿ ಕುದಿಸಿದರೆ ಬಸ್ಸಾರು. ಕಷ್ಟದ್ದೇನಲ್ಲ. ಅವಳು ಬಂದು ಸೌಟಿನಲ್ಲಿ ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದಳು.

"ಏನ್ಲಾ ಇದು?"

"ಬಸ್ಸಾರು ಅಕ್ಕ."

"ಇದು ಸಾರಾ? ಎಮ್ಮೆ ಮುಂದಿಟ್ರೆ ಅದೂ ಮೂಸಿ ಹೋಗ್ತದೆ. ಕಲಗಚ್ಚು ಕಣ್ರೋ ಇದು, ಕಲಗಚ್ಚು!"

ಅಷ್ಟು ಹೇಳಿ ಇಬ್ಬರು ಹೆಂಗಸರನ್ನು ಕರೆದು, ಹಂಡೆ ಎತ್ತಿಸಿ, ಎಲ್ಲರೆದುರು ಚರಂಡಿಗೆ ಸುರಿಸಿದಳು. ಹೆಣ್ಣಿನ ಕಡೆಯವರು ನಕ್ಕರು. ಗಂಡಿನ ಕಡೆಯವರು ಇನ್ನೂ ಜೋರಾಗಿ ನಕ್ಕರು.

ಅವತ್ತಿನಿಂದ ನನ್ನ ಹೆಸರೇ ದನಕ್ಕೆ ಇಡುವ ಕಲಗಚ್ಚು. ನಾನು ತಂಡ ಬಿಟ್ಟರೂ ಹೆಸರು ನನ್ನನ್ನು ಬಿಡಲಿಲ್ಲ. ಕೋಲಾರದ ಟೊಮೆಟೊ ಮಂಡಿಗೆ ಹೋದರೆ ಹಮಾಲಿಗಳು ಲಾರಿಯ ಮೇಲಿಂದಲೇ, "ಏಂ ಕಲಗಚ್ಚಣ್ಣಾ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕ್ಷೇಮ ವಿಚಾರಿಸಿ ಕೂಗುವರು. ಮಗಳನ್ನು ನೋಡಲು ಬಂದ ಗಂಡಿನವರಲ್ಲಿ ಒಬ್ಬ ಮುದುಕ ಪಕ್ಕದವನ ಕಿವಿಯಲ್ಲಿ, "ಹುಡುಗಿ ಅಪ್ಪ ಅಂದ್ರೆ ಆ ಕಲಗಚ್ಚಾ?" ಎಂದದ್ದು ನನಗೇ ಕೇಳಿಸಿತು. ಮಗಳೂ ಕೇಳಿಸಿಕೊಂಡಳು, ಕಾಫಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಬಂದದ್ದು ಆ ಮುದುಕನ ಮುಖ ಅಲ್ಲ, ಅಕ್ಕನ ಮುಖ. ಒಂದು ದಿನ ನಿನ್ನ ಹಂಡೆಯನ್ನೂ ಎಲ್ಲರೆದುರು ಚೆಲ್ಲಿಸುತ್ತೇನೆ ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಆ ದಿನ ಊಟ ರುಚಿಸಿತು.

ಅಷ್ಟರಲ್ಲಿ ನಾನು ಮಾಲೂರಿನಲ್ಲಿ ಒಂದು ಕಾರ್ಖಾನೆಯ ಗೆಸ್ಟ್‌ಹೌಸಿನ ಅಡುಗೆಮನೆ ಸೇರಿದ್ದೆ. ಯಂತ್ರ ಕೂಡಿಸಲು ಹೊರದೇಶದಿಂದ ಬಂದವರು ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತಿದ್ದರು. ನಾಲಿಗೆಗೆ ಬೇಸರವಾದಾಗ ಅವರೇ ಒಲೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಒಬ್ಬ ಜಪಾನಿನವನು ಹಾಗಲಕಾಯಿಯನ್ನು ಎಲೆಯಷ್ಟು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಹಿಂಡಿ, ಮೊಟ್ಟೆಯ ಜೊತೆ ಹುರಿದು ಕೊಟ್ಟ. ಬೆಲ್ಲವಿಲ್ಲ, ಹುಣಸೆಯಿಲ್ಲ. ಕಹಿಯನ್ನು ಮುಚ್ಚಬೇಡ, ಅದಕ್ಕೊಂದು ಜೊತೆ ಕೊಡು ಎಂದು ಕೈಸನ್ನೆಯಲ್ಲೇ ಹೇಳಿದ. ಒಬ್ಬ ಇಟಲಿಯವನು ನಮ್ಮ ಹೊಲದ ಬದುವಿನ ಕಹಿಸೊಪ್ಪನ್ನು ನೋಡಿ, ಊರಿನವರನ್ನು ಕಂಡಂತೆ ಖುಷಿಪಟ್ಟು, ಬೇಯಿಸಿ ಹಿಂಡಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಬಾಡಿಸಿಕೊಂಡು ತಿಂದ. ಹಿಂಡಿದ ನೀರನ್ನು ಸಿಂಕಿಗೆ ಸುರಿದ. ಅಯ್ಯೋ, ಸಾರು ಹೋಯಿತಲ್ಲ ಎಂದು ನನ್ನ ಬಾಯಿಂದ ಹೊರಟುಹೋಯಿತು. ಮೆಕ್ಸಿಕೋದಿಂದ ಬಂದವನೊಬ್ಬ ಕೋಲಾರದ ಮಂಡಿಯ ಟೊಮೆಟೊ ರಾಶಿ ನೋಡಿ, ಇದೂ ನಮ್ಮದು, ಮೆಣಸಿನಕಾಯೂ ನಮ್ಮದು, ನಿಮ್ಮ ಸೀಮೆಬದನೆಯೂ ನಮ್ಮದು ಎಂದು ಬೆರಳು ಮಡಿಸಿ ಹೇಳಿದ. ನನಗೆ ನಂಬಿಕೆ ಬರಲಿಲ್ಲ. ಟೊಮೆಟೊ ಇಲ್ಲದ ಕೋಲಾರ ಯಾವ ಕಾಲದಲ್ಲಿತ್ತು?

ಆಮೇಲೆ ಹೊಳೆಯಿತು, ನಮ್ಮ ತಿಥಿ ಊಟದಲ್ಲಿ ಆ ಕಾಲ ಇನ್ನೂ ಇದೆ. ನಮ್ಮ ಕಡೆ ಹಲವು ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಟೊಮೆಟೊ, ಆಲೂಗೆಡ್ಡೆ, ಕೋಸು, ಸೀಮೆಬದನೆ ಒಳಗೆ ಬರುವ ಹಾಗಿಲ್ಲ. ತಾತ ಮುತ್ತಾತ ಕಂಡಿರದ ಕಾಯಿಯನ್ನು ಅವರ ಎಲೆಗೆ ಬಡಿಸಬಾರದು. ಹೊರಗೆ ಹೊಲದಲ್ಲಿ ಟೊಮೆಟೊ ಕೆಂಪಗೆ ತೂಗುತ್ತಿರುತ್ತದೆ, ಒಳಗೆ ಬಾಳೆಕಾಯಿ, ಚವಳಿಕಾಯಿ, ಹೀರೆಕಾಯಿ ಬೇಯುತ್ತಿರುತ್ತವೆ.

ಇನ್ನೊಂದು ಕಟ್ಟುನಿಟ್ಟು ಏನೆಂದರೆ, ಎಡೆಯಾಗುವ ತನಕ ಅಡುಗೆಯನ್ನು ಯಾರೂ ರುಚಿ ನೋಡಬಾರದು. ಉಪ್ಪು ಕೂಡ ನೋಡುವಂತಿಲ್ಲ. ಅಕ್ಕ ಹಂಡೆಯ ಮೇಲೆ ಮುಖ ಬಗ್ಗಿಸಿ ಹಬೆ ಎಳೆದುಕೊಂಡು, "ಇನ್ನೊಂದು ಹಿಡಿ ಹಾಕು" ಎನ್ನುವಳು. ಒಂದು ಸಲವೂ ತಪ್ಪಿದ್ದಿಲ್ಲ. ಆದರೆ ಹೀರೆಕಾಯಿಯ ಕಹಿಗೆ ವಾಸನೆಯಿಲ್ಲ. ನೂರರಲ್ಲಿ ಒಂದು ಕಾಯಿ ಕಹಿಯಿದ್ದರೂ ಹಂಡೆ ಹಾಳು. ಅದಕ್ಕೆ ಹಿಂದಿನ ಸಂಜೆಯೇ ಕಾಯಿಯ ತೊಟ್ಟಿನ ಕಡೆ ಒಂದು ಬಿಲ್ಲೆ ಕೊಯ್ದು ನಾಲಿಗೆಗೆ ಇಟ್ಟು ನೋಡುತ್ತಾರೆ. ಬಿಲ್ಲೆಯಷ್ಟೇ ಎಂಜಲು, ಕಾಯಿ ಎಂಜಲಲ್ಲ. ತೊಟ್ಟು ಹಾರಿಸಿದ ಕಾಯಿ ಮಂಕರಿಯಲ್ಲಿದ್ದರೆ ಅದು ನೋಡಿದ ಕಾಯಿ ಎಂದು ಅರ್ಥ, ಮರುದಿನ ಮತ್ತೆ ಯಾರೂ ಕೇಳುವುದಿಲ್ಲ. ಈ ಕೆಲಸವನ್ನು ಅಕ್ಕ ಯಾರಿಗೂ ಬಿಡುತ್ತಿರಲಿಲ್ಲ.

ವಕ್ಕಲೇರಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಹೆಂಡತಿಯ ನೆಂಟರ ಮನೆ. ಅಲ್ಲಿಯ ತಿಥಿಗೆ ನಾವು ಹಿಂದಿನ ದಿನವೇ ಹೋದೆವು. ಅಡುಗೆಗೆ ಅಕ್ಕ ಬಂದಿದ್ದಳು. ಮುಳಬಾಗಿಲ ಮದುವೆಯಾಗಿ ಹದಿಮೂರು ವರ್ಷ ಕಳೆದಿತ್ತು. ಸಂಜೆ ಜಗಲಿಯ ಮೇಲೆ ಕೂತು ಹೀರೆಕಾಯಿ ಕೊಯ್ದು ನಾಲಿಗೆಗೆ ಇಡುತ್ತಿದ್ದವಳು ನನ್ನನ್ನು ನೋಡಿ ನಕ್ಕಳು.

"ಓಹೋ, ಫಾರಿನ್ ಅಡುಗೆಯೋರು! ಏನ್ ಮಾಡ್ಹಾಕ್ತೀಯೋ ಅವ್ರಿಗೆಲ್ಲ, ಕಲಗಚ್ಚಾ?"

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮೂರು ಕಾಯಿಯ ಬಿಲ್ಲೆ ಕಹಿಯೆಂದು ಅವಳು ಉಗಿದು, ಆ ಕಾಯಿಗಳನ್ನು ಕೊಟ್ಟಿಗೆಯ ಗೋಡೆಯ ಕಡೆ ಎಸೆದದ್ದನ್ನು ನಗುತ್ತಲೇ ನೋಡಿದೆ.

ಬೆಳಿಗ್ಗೆ ಮುಖ ತೊಳೆಯಲು ಹೋದಾಗ ಆ ಮೂರೂ ಅಲ್ಲೇ ಬಿದ್ದಿದ್ದವು. ದನ ಮೂಸಿಯೂ ನೋಡಿರಲಿಲ್ಲ. ಮೂರಕ್ಕೂ ತೊಟ್ಟು ಹಾರಿತ್ತು. ಮಂಕರಿಯಲ್ಲಿದ್ದ ಒಳ್ಳೆಯ ಕಾಯಿಗಳಿಗೂ ಇವಕ್ಕೂ ಒಂದು ಕೂದಲಿನ ವ್ಯತ್ಯಾಸವಿರಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಬಂದೆ. ನೆಂಟರೆಲ್ಲ ತರಕಾರಿಗೆ ಕೂರುವುದು ವಾಡಿಕೆ, ನಾನು ಹೀರೆಕಾಯಿಗೆ ಕೂತೆ. ಅಕ್ಕ ಕಲಿಸಿದ ಹಾಗೆ ಏಣು ಹೆರೆದು, ಆ ಮೂರನ್ನೂ ಉಳಿದವುಗಳ ಜೊತೆ ಸಮವಾಗಿ ಹೋಳು ಮಾಡಿದೆ. "ಪರವಾಗಿಲ್ಲ ಕಣೋ, ಕೈ ಚೆನ್ನಾಗಿ ಕೂತದೆ ನಿಂಗೆ" ಎಂದಳು ಅವಳು ಹೋಳಿನ ತಟ್ಟೆ ಎತ್ತಿಕೊಳ್ಳುತ್ತ. ಆಗಲೂ ನಿಲ್ಲಿಸಬಹುದಿತ್ತು. ತಟ್ಟೆ ಕೈತಪ್ಪಿದ ಹಾಗೆ ಮಾಡಿದ್ದರೂ ಸಾಕಿತ್ತು. ನಾನು ಬೆವರು ಒರೆಸಿಕೊಂಡು ಅವಳನ್ನೇ ನೋಡುತ್ತ ಕೂತೆ.

ಎಡೆಯಾಯಿತು. ಪಂಕ್ತಿ ಕೂತಿತು. ಮನೆಯ ಹಿರಿಯ ಮೊದಲ ತುತ್ತು ಬಾಯಿಗಿಟ್ಟು ಎಲೆಯ ಪಕ್ಕಕ್ಕೆ ಉಗಿದ. "ಇದೇನಮ್ಮಾ ಇದು, ವಿಷ ಇದ್ದಂಗದೆ!" ಉಗಿಯಲು ಸಂಕೋಚಪಟ್ಟು ನುಂಗಿದ ನಾಲ್ಕೈದು ಜನ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡರು. ಒಬ್ಬ ಮುದುಕಿಯನ್ನು ಆಟೋದಲ್ಲಿ ಕೋಲಾರಕ್ಕೆ ಕರೆದೊಯ್ದು ಡ್ರಿಪ್ ಹಾಕಿಸಬೇಕಾಯಿತು. ಕಹಿಯಾದ ಹೀರೆಕಾಯಿ ಹಾಗಲಕಾಯಿಯಂತಲ್ಲ, ಅದು ಹೊಟ್ಟೆಗೆ ವಿಷವೇ ಎಂದು ನನಗೆ ತಿಳಿದದ್ದು ಅವತ್ತು. ಮುದುಕಿ ಸಂಜೆಗೆ ವಾಪಸು ಬಂದು ತಾನೇ ಆಟೋ ಇಳಿದಳು. ಇಳಿಯದೆ ಹೋಗಿದ್ದರೆ ನಾನು ಕೊಲೆಗಾರ. ಹಿರಿಯರು ಮುನಿಸಿಕೊಂಡರು ಎಂದು ಮನೆಯ ಹೆಂಗಸರು ಅಳತೊಡಗಿದರು.

ಅಕ್ಕ ಹಂಡೆಗೆ ಕೈ ಹಾಕಿ ಒಂದು ಹೋಳು ತೆಗೆದು ಬಾಯಿಗಿಟ್ಟುಕೊಂಡಳು. ನಾನು ಹದಿಮೂರು ವರ್ಷ ಕಾದದ್ದು ಆ ಮುಖ ನೋಡುವುದಕ್ಕೆ. ನೋಡಿದೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಇಬ್ಬರು ಹಂಡೆ ಎತ್ತಿ ತಿಪ್ಪೆಗೆ ಸುರಿದಾಗ ನಾನೂ ಎದ್ದು ಹೋಗಿ ಕೈ ಜೋಡಿಸಿದೆ.

ಹೆಚ್ಚಿದ್ದು ನೀನಲ್ಲವಾ ಎಂದು ಅವಳು ಕೇಳುತ್ತಾಳೆ, ಕೊಟ್ಟಿಗೆಯ ಹತ್ತಿರ ಹೋಗಿ ನೋಡುತ್ತಾಳೆ ಎಂದು ಹೆದರಿದ್ದೆ. ಹೋಗಲೇ ಇಲ್ಲ. "ನಾನೇ ನೋಡಿದ್ದು, ಒಂದೊಂದೂ ನಾನೇ ನೋಡಿದ್ದು" ಎಂದಷ್ಟೇ ಹೇಳುತ್ತಿದ್ದಳು. "ವಯಸ್ಸಾಯ್ತು, ನಾಲಿಗೆ ಸತ್ತೋಗದೆ ಬಿಡು" ಎಂದರು ಯಾರೋ. ಆ ಮಾತನ್ನು ಅವಳು ಕೂಡಲೇ ನಂಬಿಬಿಟ್ಟಳು. ತನ್ನ ನಾಲಿಗೆಗೂ ಹಂಡೆಗೂ ನಡುವೆ ಒಬ್ಬ ಮನುಷ್ಯ ಇರಬಹುದು ಎಂಬುದು ಅವಳ ತಲೆಗೆ ಬರಲಿಲ್ಲ.

ಅಲ್ಲಿಂದಾಚೆ ಅವಳು ಅಡುಗೆಗೆ ಹೋಗಲಿಲ್ಲ. ಕರೆದವರಿಗೆಲ್ಲ ಬೇಡ ಎಂದಳಂತೆ. ಅವಳು ಬಿಟ್ಟ ಮನೆಗಳಲ್ಲಿ ಕೆಲವು ನನ್ನನ್ನು ಕರೆದವು, ನಾನು ಹೋದೆ.

ಮುಂದಿನ ವರ್ಷ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಸೊರಗಿಹೋಗಿದ್ದಳು. ನನ್ನನ್ನು ಕಲ್ಲುಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡಳು.

"ಅವತ್ತು ನೀನೂ ಇದ್ಯಲ್ಲೋ. ನಿಜ ಹೇಳು, ನಂಗೆ ಗೊತ್ತಾಗ್ಲಿಲ್ವಲ್ಲ, ಏನಾಗದೆ ನನ್ ನಾಲಿಗೆಗೆ?"

ಬಾಯಿ ತೆರೆದೆ. ಬಂದ ಮಾತು ಇದು: "ವಯಸ್ಸಾಯ್ತಲ್ಲಕ್ಕ."

ಅವಳು ತಲೆಯಾಡಿಸಿದಳು. "ಹೂಂ. ಈಗ ಮನೇಲೂ ಸೊಸೇನ ಕೇಳ್ಕಂಡು ಉಪ್ಪು ಹಾಕ್ತೀನಿ. ಅದ್ಸರಿ, ಆ ಮುಳಬಾಗಿಲ ಮದ್ವೇಲಿ ನಿನ್ ಸಾರು ಚೆಲ್ಲಿಸ್ದೆನಲ್ಲ, ಆಗ್ಲೇ ನನ್ ನಾಲಿಗೆ ಕೆಟ್ಟಿತ್ತೇನೋ. ನಿನ್ ಸಾರು ಚೆನ್ನಾಗೇ ಇತ್ತೇನೋ. ಮನಸ್ನಾಗೆ ಇಟ್ಕಬೇಡ ಕಣಪ್ಪ."

ಬಸ್ಸು ಬಂತು, ಹತ್ತಿ ಹೋದಳು. ನನ್ನ ಸೇಡು ಅವತ್ತು ಪೂರ್ತಿಯಾಯಿತು. ಸೋತವಳೇ ಬಂದು ನನ್ನ ಕ್ಷಮೆ ಕೇಳಿದ್ದಳು.

ಆ ಸಾರು ಚೆನ್ನಾಗಿರಲಿಲ್ಲ. ಸೊಪ್ಪು ತಳ ಹಿಡಿದಿತ್ತು, ಸೀದ ವಾಸನೆ ನೀರಿಗೆ ಇಳಿದಿತ್ತು. ಅದನ್ನು ಮುಚ್ಚಲು ನಾನು ಖಾರ, ಹುಣಸೆ ಸುರಿದಿದ್ದೆ. ಅವಳು ಬರುವ ಮೊದಲೇ ನೆಕ್ಕಿ ನೋಡಿದ್ದೆ, ನನಗೆ ಗೊತ್ತಿತ್ತು. ಹಾಗೆ ಚೆಲ್ಲಿಸಿ ನಗಿಸಬಾರದಿತ್ತು, ಅದು ಅವಳ ತಪ್ಪು. ಆದರೆ ನಾಲಿಗೆ ಹೇಳಿದ್ದು ಸತ್ಯ. ಅವಳಲ್ಲಿದ್ದದ್ದು ಅದೊಂದೇ ಆಸ್ತಿ, ಅದನ್ನೇ ಅವಳು ನಂಬದ ಹಾಗೆ ನಾನು ಮಾಡಿದೆ.

ಹೋದ ವರ್ಷ ವಕ್ಕಲೇರಿ ಕಡೆಯ ಆ ಮನೆಗೆ ಹೋಗಿ ಎಲ್ಲ ಹೇಳಿದೆ. ಹಿರಿಯನ ಮಗ ಎದ್ದು ನಿಂತು, "ಮೊದ್ಲು ಹೊರಕ್ಕೆ ನಡೀರಿ" ಎಂದ. ನಡೆದೆ. ಹೊರಗೆ ಜಗಲಿಯ ಮೇಲೆ ಕೂತಿದ್ದ, ಅವತ್ತು ಡ್ರಿಪ್ ಹಾಕಿಸಿಕೊಂಡಿದ್ದ ಮುದುಕಿಯ ಕಾಲು ಮುಟ್ಟಿದೆ. ಅವಳಿಗೆ ಕಿವಿ ಕೇಳುವುದಿಲ್ಲ, ಆಶೀರ್ವಾದ ಮಾಡಿದಳು. ಹೆಂಡತಿಗೆ ಹೇಳಿದೆ. ಈಗ ನಿಮಗೆ ಹೇಳಿದೆ. ಎರಡು ಸಲ ಶ್ರೀನಿವಾಸಪುರದ ಬಸ್ಸು ಹತ್ತಿದೆ, ಎರಡು ಸಲವೂ ಅವಳ ಊರಿನ ಗೇಟ್ ಸ್ಟಾಪಿನಲ್ಲಿ ಇಳಿಯದೆ ಮುಂದಕ್ಕೆ ಹೋಗಿ ವಾಪಸು ಬಂದೆ. ಅವಳಿಗೆ ಓದು ಬರುವುದಿಲ್ಲ. ನಾನು ಇದನ್ನು ಬರೆಯುವ ಧೈರ್ಯ ಮಾಡಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಇವತ್ತಿಗೂ ಸೊಸೆಯನ್ನು ಕೇಳಿ ಉಪ್ಪು ಹಾಕುತ್ತಿರುವವಳು, ನಾಲಿಗೆಗೆ ಏನೂ ಆಗಿರದವಳು, ನಾನು ಕ್ಷಮೆ ಕೇಳಬೇಕಾಗಿ ಉಳಿದಿರುವವಳು ನನಗೆ ಅಡುಗೆ ಕಲಿಸಿದ ಅಕ್ಕ.