ಫೋಟೋ ಕೆಳಗಿನ ನಾಲ್ಕು ಸಾಲು

ಕಾಲೇಜಿನ ಆಫೀಸಿನಲ್ಲಿ ಟೈಪ್ ಮಾಡುವವಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಅವಳಿಗಿಂತ ಆರು ವರ್ಷ ದೊಡ್ಡವರಾದ ಪ್ರಿನ್ಸಿಪಾಲರೂ ಹಾಗೇ ಕರೆಯುತ್ತಿದ್ದರು. ಮನೆಯಲ್ಲಿ ಅತ್ತೆ ಮಾತ್ರ ‘ಲೇ’ ಅನ್ನುತ್ತಿದ್ದರು. ಅದು ಸಲಿಗೆಯೋ, ಹೆಸರು ಮರೆತದ್ದೋ, ಇಪ್ಪತ್ತಾರು ವರ್ಷವಾದರೂ ತೀರ್ಮಾನವಾಗಿರಲಿಲ್ಲ.

ಅವಳ ಮೇಜು ಕಿಟಕಿಗೆ ಬೆನ್ನು ಹಾಕಿ, ಫೈಲುಗಳ ಬೀರುವಿಗೆ ಮುಖ ಮಾಡಿಕೊಂಡಿತ್ತು. ಹನ್ನೊಂದು ತಿಂಗಳು ಹಾಜರಾತಿ, ವರ್ಗಾವಣೆ ಪತ್ರ, ಸೋರುವ ನಲ್ಲಿಯ ಬಗ್ಗೆ ಸುತ್ತೋಲೆ. ಹನ್ನೆರಡನೆಯ ತಿಂಗಳು ವಾರ್ಷಿಕ ಸಂಚಿಕೆ.

ಸಂಚಿಕೆಯಲ್ಲಿ ಕೊನೆಯ ವರ್ಷದ ಪ್ರತಿಯೊಬ್ಬರ ಫೋಟೋ, ಅದರ ಕೆಳಗೆ ನಾಲ್ಕು ಸಾಲು ಬರಬೇಕು. ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವಂತಿಲ್ಲ. ಡಬ್ಬದಿಂದ ಚೀಟಿ ಎತ್ತಿ, ಯಾರ ಹೆಸರು ಬಂತೋ ಅವರನ್ನು ಕೂರಿಸಿಕೊಂಡು ಸಂದರ್ಶನ ಮಾಡಿ ಬರೆಯಬೇಕು. ಈ ನಿಯಮ ಮಾಡಿದ ಪುಣ್ಯಾತ್ಮರು ಮನುಷ್ಯರನ್ನು ಕಂಡಿರಲಿಲ್ಲ ಅಂತ ಕಾಣುತ್ತದೆ. ಗೆಳೆಯರ ಚೀಟಿ ಬಂದವರು ನಾಲ್ಕು ಸಾಲು ಕೇಳಿದರೆ ನಾಲ್ಕು ಪುಟ ತಂದುಕೊಡುತ್ತಿದ್ದರು. ಯಾರೂ ಮಾತಾಡಿಸದವರ ಚೀಟಿ ಬಂದವರು ನಾಳೆ, ನಾಡಿದ್ದು ಅನ್ನುತ್ತ ಜಾರಿಕೊಳ್ಳುತ್ತಿದ್ದರು. ವರ್ಷಕ್ಕೆ ಮೂರ್ನಾಲ್ಕು ಚೌಕ ಖಾಲಿ ಉಳಿಯುತ್ತಿತ್ತು.

ಅಕ್ಕ ಓದಿದ್ದೂ ಇದೇ ಕಾಲೇಜಿನಲ್ಲಿ. ಅವಳ ಫೋಟೋ ಕೆಳಗೆ ‘ವಿವರ ಲಭ್ಯವಿಲ್ಲ’ ಅಂತ ಅಚ್ಚಾಗಿತ್ತು. ಮಗ ಎಂಟು ವರ್ಷದವನಾಗಿದ್ದಾಗ ಅದನ್ನು ಓದಿ, ಅಮ್ಮ ಆವತ್ತು ಎಲ್ಲಿಗೆ ಹೋಗಿದ್ದೆ ಅಂತ ಕೇಳಿದ್ದ. ಅವಳು ಎಲ್ಲಿಗೂ ಹೋಗಿರಲಿಲ್ಲ. ಮೂರು ವರ್ಷ ಎರಡನೆಯ ಬೆಂಚಿನಲ್ಲೇ ಕೂತಿದ್ದಳು. ಮಗನ ಮಾತು ಅವಳಿಗೆ ಚುಚ್ಚಿತು, ಚೆನ್ನಾಗಿಯೇ ಚುಚ್ಚಿತು.

ಆ ವರ್ಷದಿಂದ ಖಾಲಿ ಚೌಕಗಳನ್ನು ಅಕ್ಕನೇ ತುಂಬತೊಡಗಿದಳು. ‘ಜನ್ಮದಿನಾಂಕ ಸರಿಯಿಲ್ಲ, ಬಂದು ಹೋಗು’ ಅಂತ ಆ ವಿದ್ಯಾರ್ಥಿಗೊಂದು ಚೀಟಿ ಕಳಿಸುವುದು, ಹೆದರಿಕೊಂಡು ಬಂದವರನ್ನು ಸ್ಟೂಲಿನ ಮೇಲೆ ಕೂರಿಸುವುದು, ರಿಜಿಸ್ಟರ್ ತಿರುವಿ ಹಾಕುತ್ತ ಮನೆ, ದಾರಿ, ಇಷ್ಟ-ಕಷ್ಟ ಎಲ್ಲ ಕೇಳುವುದು. ಜನ್ಮದಿನಾಂಕ ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು. ಆಮೇಲೆ ‘ಶಾಂತ ಸ್ವಭಾವ, ನಗುಮೊಗ’ ಅಂತ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ನಾಲ್ಕು ಸಾಲು ಬರೆದು, ಕೆಳಗೆ ‘ನಿನ್ನ ತರಗತಿಯವರು’ ಅಂತ ಹಾಕುತ್ತಿದ್ದಳು. ಹೊಗಳಿಕೆಯ ಮೂಲ ಹುಡುಕುವವರು ಯಾರಿದ್ದಾರೆ? ಗುಟ್ಟು ರಟ್ಟಾಗಲಿಲ್ಲ.

ಈ ವರ್ಷ ಎಡವಟ್ಟಾಯಿತು. ಸ್ಟೂಲಿನ ಮೇಲೆ ಕೂತ ಹುಡುಗಿ, ಹಾಜರಿ ಕೂಗಿದಾಗ ‘ಇದ್ದೇನೆ’ ಅಂದರೂ ಮೇಷ್ಟ್ರು ತಲೆಯೆತ್ತಿ ನೋಡಿ ಖಾತ್ರಿ ಮಾಡಿಕೊಳ್ಳುವಂಥವಳು. ಅವಳು ಹೇಳಿದ್ದು ಕೇಳಿ ಅಕ್ಕನಿಗೆ ಅದೇನಾಯಿತೋ, ಹದ ತಪ್ಪಿ ಚೆನ್ನಾಗಿ ಬರೆದುಬಿಟ್ಟಳು: ‘ಯಾರು ಪೆನ್ನು ಕೇಳಿದರೂ ಕೊಡುತ್ತಾಳೆ, ವಾಪಸ್ ಕೇಳುವುದಿಲ್ಲ. ತನ್ನ ನಿಲ್ದಾಣದಲ್ಲಿ ಇಳಿಯದೆ ಬಸ್ಸಿನ ಕೊನೆಯ ನಿಲ್ದಾಣದವರೆಗೂ ಹೋಗಿ, ಹಾಡಿಕೊಳ್ಳುತ್ತ ಮನೆಗೆ ನಡೆದು ಬರುತ್ತಾಳೆ. ಆ ಹಾಡನ್ನು ಯಾರೂ ಕೇಳಿಲ್ಲ. ನಾವು ಕೇಳಬೇಕಿತ್ತು.’

ಪುಟ ಪ್ರೆಸ್ಸಿಗೆ ಹೋದ ಮೇಲೆ ಅಕ್ಕನಿಗೆ ಹೊಳೆಯಿತು. ಹಾಡಿನ ವಿಷಯ ಆ ಹುಡುಗಿ ಬೇರೆ ಯಾರಿಗೂ ಹೇಳಿಲ್ಲ ಅಂದಿದ್ದಳು. ಎರಡಕ್ಕೆ ಎರಡು ಕೂಡಿಸಿದರೆ ಮುಗಿಯಿತು, ತರಗತಿಯಲ್ಲಿ ತನ್ನ ಬಗ್ಗೆ ಬರೆಯುವವರು ಒಬ್ಬರೂ ಇರಲಿಲ್ಲ ಅಂತ ಹುಡುಗಿಗೆ ಗೊತ್ತಾಗಿಬಿಡುತ್ತದೆ. ಖಾಲಿ ಬಿಟ್ಟಿದ್ದರೇ ವಾಸಿ ಇತ್ತು ಅನ್ನುವಷ್ಟು ನೋವು ಅದು.

ಸಾಲದ್ದಕ್ಕೆ ಪ್ರಿನ್ಸಿಪಾಲರು ಈ ವರ್ಷ ಅತ್ಯುತ್ತಮ ನಾಲ್ಕು ಸಾಲಿಗೆ ಬಹುಮಾನ ಅಂತ ಘೋಷಿಸಿ, ಅದನ್ನೇ ಆರಿಸಿದರು. ಬರೆದವರು ಯಾರು ಅಂತ ಚೀಟಿಯ ಪಟ್ಟಿ ತೆಗೆಸಿದರೆ, ಆ ಹುಡುಗಿಯ ಚೀಟಿ ಎತ್ತಿದ್ದವನು ಮೈಕು. ಎಲ್ಲಿ ಮೈಕು ಕಂಡರೂ ಹಿಡಿದುಕೊಳ್ಳುವ ಭಾಷಣದ ಹುಡುಗನಿಗೆ ಅದೇ ಹೆಸರಾಗಿತ್ತು. ತುಂಬಿದ ಸಭೆಯಲ್ಲಿ ಅವನನ್ನು ಕರೆದರು. ಅವನು ಒಂದು ಗಳಿಗೆ ನಿಂತ. ಆಮೇಲೆ ಹೋಗಿ ಬಹುಮಾನ ತಗೊಂಡು, ಜನ್ಮದಲ್ಲಿ ಮೊದಲ ಬಾರಿಗೆ ಭಾಷಣ ಮಾಡದೆ ಇಳಿದು ಬಂದ.

ಹಿಂದಿನ ಸಾಲಿನಲ್ಲಿದ್ದ ಅಕ್ಕನ ಮೈ ಉರಿಯಿತು. ಹೇಳಿದರೆ ಹುಡುಗಿಯ ಮಾನ ಹೋಗುತ್ತದೆ, ಹೇಳದಿದ್ದರೆ ಆ ಭಂಡನಿಗೆ ಚಪ್ಪಾಳೆ. ನುಂಗಲಾರದ ಉಗುಳಲಾರದ ಬಿಸಿತುಪ್ಪ. ಮನೆಯಲ್ಲಿ ಪಾತ್ರೆಗಳ ಸದ್ದು ಕೇಳಿ ಅತ್ತೆ, ‘ಲೇ, ಯಾರ ಮೇಲೆ ಸಿಟ್ಟು, ನನ್ನ ಮೇಲಾ?’ ಅಂದರು. ಈ ಸಲ ನಿಮ್ಮ ಮೇಲಲ್ಲ ಅಂದಳು ಅಕ್ಕ. ಗಂಡ ಅದನ್ನು ಕೇಳಿ ನೆಮ್ಮದಿಯಿಂದ ಊಟಕ್ಕೆ ಕೂತ.

ಮುಂದೆ ಒಂದು ವಾರ ಮೈಕು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ ಓಡಾಡಿದ. ಎದುರಾದವರೆಲ್ಲ ಅವನನ್ನು ಆ ಹುಡುಗಿಯ ಹಾಡಿನ ಬಗ್ಗೆಯೇ ಕೇಳುತ್ತಿದ್ದರು.

ಎಂಟನೆಯ ದಿನ ಹುಡುಗಿ ಆಫೀಸಿಗೆ ಬಂದಳು. ಕೇಳಿದರೆ ಹೇಳಲೆಂದು ಅಕ್ಕ ನಾಲ್ಕು ಸುಳ್ಳು ಹೊಂದಿಸಿಟ್ಟಿದ್ದಳು, ಒಂದೂ ನೆನಪಾಗಲಿಲ್ಲ. ಹುಡುಗಿ ತಾನೇ ಸ್ಟೂಲು ಎಳೆದುಕೊಂಡು ಕೂತಳು. ಮೊನ್ನೆ ಮೈಕು ತನ್ನ ಬಸ್ಸು ಹತ್ತಿದ, ಕೊನೆಯವರೆಗೂ ಬಂದು ಇಳಿದ, ಏನು ಹಾಡ್ತೀಯ ಅಂತ ಕೇಳಿದ, ತಾನು ಹಾಡಿದೆ ಅಂತ ಹೇಳಿದಳು.

‘ಏನಂದ?’

‘ಅಷ್ಟೇನೂ ಚೆನ್ನಾಗಿಲ್ಲ ಅಂದ.’ ಹುಡುಗಿ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ‘ಆಮೇಲೆ ಇನ್ನೊಂದು ಹಾಡು ಅಂದ. ನಿನ್ನೆನೂ ಬಂದಿದ್ದ.’

ಅಕ್ಕ ರಿಜಿಸ್ಟರಿನ ಪುಟ ತಿರುವಿದಳು. ಯಾವ ಪುಟವಾದರೂ ಆಗುತ್ತಿತ್ತು.

‘ಅಕ್ಕಾ, ಬರೆದಿದ್ದು ನೀವು ಅಂತ ನಂಗೆ ಗೊತ್ತು’ ಅಂದಳು ಹುಡುಗಿ, ಬಾಗಿಲ ಕಡೆ ನೋಡುತ್ತ. ‘ಅವನೇ ಬರೆದಿದ್ದು ಅಂತ ನಾನು ನಂಬಿದೀನಿ ಅಂದ್ಕೊಂಡಿದಾನೆ. ಹಾಗೇ ಇರ್ಲಿ. ಯಾರಿಗೂ ಹೇಳ್ಬೇಡಿ. ನಂಗೆ ಗೊತ್ತು ಅಂತ ತಿಳಿದ್ರೆ ನಾಚಿಕೆಯಾಗಿ ಮತ್ತೆ ಬಸ್ ಹತ್ತಲ್ಲ ಅವನು.’

ಅಕ್ಕ ರಿಜಿಸ್ಟರ್ ಮುಚ್ಚಿ ಪಕ್ಕಕ್ಕಿಟ್ಟಳು.

‘ನಂಗೇನಮ್ಮ ಗೊತ್ತು? ನಾನು ಟೈಪ್ ಮಾಡೋಳು ಅಷ್ಟೆ’ ಅಂದಳು.