ಮೂಸಣ್ಣನ ಮೂಗು

ಆ ದಿನ ಬೆಳಿಗ್ಗೆ ಹಾಲು ತಳ ಹಿಡಿಯಿತು. ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು, ಸೀದ ವಾಸನೆ ಅಲ್ಲಿಗೇ ಬಂತು. ಒಳಗೆ ಓಡಿದರೆ ಗಂಡ ಒಲೆಯ ಪಕ್ಕದಲ್ಲೇ ಕೂತು ಚಪ್ಪಲಿಯ ಬಾರು ಹೊಲಿಯುತ್ತಿದ್ದಾನೆ. ಪಾತ್ರೆಯಿಂದ ಹೊಗೆ ಏಳುತ್ತಿದೆ. ಅವನಿಗೆ ಪರಿವೆಯೇ ಇಲ್ಲ.

"ರೀ, ಹಾಲು ಸೀದು ಕರಕಲಾಗ್ತಿದೆ. ಗೊತ್ತಾಗ್ಲಿಲ್ವಾ?"

ಅವನು ಮೊದಲು ಅವಳ ಮುಖ ನೋಡಿದ, ಆಮೇಲೆ ಪಾತ್ರೆ ನೋಡಿದ.

"ಶೀತ ಕಣೇ. ಮೂಗು ಕಟ್ಟಿದೆ."

"ಇದೆಂಥಾ ಶೀತ ರೀ, ತಿಂಗಳುಗಟ್ಟಲೆ?"

"ನಿನಗೆ ನಾನು ಗಂಟು ಬಿದ್ದಿಲ್ವಾ? ಹಾಗೇ ನನಗೆ ಅದು."

ಅವಳಿಗೆ ನಗು ಬರಲಿಲ್ಲ. ಪಾತ್ರೆಗೆ ನೀರು ಸುರಿದಳು. ಈ ಮೂಗೇನಾದರೂ ಹೋಗಿದ್ದರೆ ಗತಿ ಏನು? ಸಂಜೆ ಬಂದ ಮೇಲೆ ಕೂರಿಸಿಕೊಂಡು ಕೇಳಿಯೇ ಬಿಡಬೇಕು ಅಂದುಕೊಂಡಳು.

ಗಂಡನಿಗೆ ಮೂಸಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗುಜರಿ ಶೆಡ್ಡಿನವರು ಇಟ್ಟದ್ದು. ಊರೆಲ್ಲ ಬಿಸಾಕಿದ ಪ್ಲಾಸ್ಟಿಕ್ ಆ ಶೆಡ್ಡಿಗೆ ಬರುತ್ತಿತ್ತು. ಅದನ್ನು ಜಾತಿವಾರು ಬೇರೆ ಮಾಡುವುದು ಅವನ ಕೆಲಸ, ಬಾಟಲಿಗಳ ಲೇಬಲ್ ಕಿತ್ತು ತೊಳೆಯುವುದು ಅವಳ ಕೆಲಸ. ಅವನು ಮೇಜಿನ ಹತ್ತಿರ, ಅವಳು ಅಂಗಳದ ತೊಟ್ಟಿಯ ಹತ್ತಿರ.

ಹಾಲಿನ ಕವರು, ಎಣ್ಣೆ ಕ್ಯಾನು, ಬಾಟಲಿಯ ಮುಚ್ಚಳ ಇವೆಲ್ಲ ನೀರಿನ ಡ್ರಮ್ಮಿಗೆ ಹಾಕಿದರೆ ತೇಲುತ್ತವೆ. ಎತ್ತಿ ಬೇರೆ ಹಾಕಿದರಾಯಿತು. ನೀರಿನ ಬಾಟಲಿಯ ಚೂರು ಮುಳುಗುತ್ತದೆ. ಪೈಪು ಮಾಡುವ ಪಿವಿಸಿಯೂ ಮುಳುಗುತ್ತದೆ. ಫಜೀತಿ ಇರುವುದೇ ಅಲ್ಲಿ. ಪಿವಿಸಿ ಪ್ರತಿ ಸಲ ಪೈಪಾಗಿಯೇ ಬರುವುದಿಲ್ಲ. ಗಾಜಿನ ಹಾಗೆ ತಿಳಿಯಾದ ಬಾಟಲಿಯಾಗಿ ಬರುತ್ತದೆ, ಒಳಗಿನದು ಕಾಣಲೆಂದು ಡಬ್ಬಿಗೆ ಅಂಟಿಸುವ ಕಿಟಕಿಯಾಗಿ ಬರುತ್ತದೆ, ಮಾತ್ರೆ ಕೂರಿಸುವ ಹಾಳೆಯಾಗಿ ಬರುತ್ತದೆ. ನೀರಿನ ಬಾಟಲಿ ಮಾಡುವ ಮಾಲಿನ ಪಕ್ಕ ಇಟ್ಟರೆ ಒಡಹುಟ್ಟಿದ ಹಾಗೆ ಕಾಣುತ್ತದೆ. ಆದರೆ ಎರಡೂ ಒಟ್ಟಿಗೆ ಕರಗಿಸುವ ಮಿಷನ್ನಿಗೆ ಹೋಗಬಾರದು. ಬಾಟಲಿ ಕರಗಬೇಕಾದರೆ ಬೇಕಾಗುವ ಕಾವಿಗೆ ಪಿವಿಸಿ ಕೆಟ್ಟು ಕಪ್ಪಾಗಿ ಆಸಿಡ್ ಹೊಗೆ ಕಾರುತ್ತದೆ.

ಅದಕ್ಕೇ ಅವನ ಮೂಗು ಬೇಕಿತ್ತು. ಕಾದ ಕಬ್ಬಿಣದ ಸರಳು ಮುಟ್ಟಿಸುತ್ತಿದ್ದ, ಎಳೆ ಹೊಗೆ ಏಳುತ್ತಿತ್ತು, ಮೂಸುತ್ತಿದ್ದ, ಹೇಳುತ್ತಿದ್ದ. ತಪ್ಪಿದ್ದೇ ಇಲ್ಲ. ಮದುವೆಯಾದ ಹೊಸದರಲ್ಲಿ ಅವಳಿಗೂ ಕಲಿಸಿದ್ದ.

"ಮೇಣದಬತ್ತಿ ಆರಿಸಿದ ವಾಸನೆ ಬಂದ್ರೆ ಹಾಲಿನ ಕವರು. ಕೂದಲು ಸುಟ್ಟ ಹಾಗಿದ್ರೆ ನೈಲಾನ್. ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಾಯ್ತೋ, ಅದು ಪಿವಿಸಿ. ಆಚೆ ಎಸಿ."

"ಎಲ್ಲರ ಗಂಡಂದಿರು ಹೂವು ತಂದು ಮೂಸಿಸ್ತಾರೆ. ನನ್ನ ಹಣೆಬರಹ ನೋಡಿ," ಅಂದಿದ್ದಳು.

ಹೊಗೆ ಮೂಸಿ ಮೂಸಿ ಮೂಗೂ ಸವೆಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಬರಬರುತ್ತಾ ಕೆಮ್ಮು ಅಂಟಿಕೊಂಡಿತು. ಮೂಟೆ ಹೊರುವ ಶಕ್ತಿ ಹೋಯಿತು. ಉಳಿದದ್ದು ಮೇಜಿನ ಕೆಲಸ ಒಂದೇ. ಈಚೆಗೆ ಅವನು ಬಾಟಲಿಗಳನ್ನು ಬೋರಲು ಹಾಕಿ ತಳ ಸವರುವುದನ್ನು ಅವಳು ತೊಟ್ಟಿಯಿಂದಲೇ ನೋಡಿದ್ದಳು. ನೀರಿನ ಬಾಟಲಿಯ ತಳದ ನಡುವೆ ಒಂದು ಚುಕ್ಕೆ ಇರುತ್ತದೆ. ಪಿವಿಸಿ ಬಾಟಲಿಗಾದರೆ ಅಡ್ಡ ಒಂದು ಗೆರೆ. ಬೆರಳಿಗೆ ಸಿಗುತ್ತದೆ. ಬೆರಳಲ್ಲಿ ನೋಡಿ ಆಮೇಲೆ ಶಾಸ್ತ್ರಕ್ಕೆ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಎರಡೆರಡು ಸಲ ಪರೀಕ್ಷೆ ಮಾಡುತ್ತಿದ್ದಾನೆ, ಒಳ್ಳೆಯದೇ ಅಂದುಕೊಂಡಿದ್ದಳು.

ಆ ದಿನ ಬಂದ ಲೋಡಿನಲ್ಲಿ ಬಾಟಲಿ ಇರಲಿಲ್ಲ. ಬರೀ ಚಿಂದಿ ಹಾಳೆ. ತಿಳಿಯಾಗಿ, ಮಡಚಿ, ಮುದುಡಿ, ಮೂಟೆ ಮೂಟೆ. ಚುಕ್ಕೆ ಇಲ್ಲ, ಗೆರೆ ಇಲ್ಲ.

"ಮೂಸಣ್ಣ, ಬೇಗ ಮೂಸಪ್ಪಾ. ಮಿಷನ್ ಬಾಯಿ ಬಿಟ್ಕೊಂಡು ಕೂತಿದೆ," ಅಂತ ಮಿಷನ್ ನಡೆಸುವವನು ಕೂಗಿದ.

ಅವನು ಸರಳು ಮುಟ್ಟಿಸಿದ. ಹೊಗೆ ಎದ್ದಿತು. ಕಣ್ಣು ಮುಚ್ಚಿ ಎಳೆದುಕೊಂಡ. ಇನ್ನೊಂದು ಮೂಟೆಯಿಂದ ಒಂದು ಚೂರು ತೆಗೆದು ಮತ್ತೆ ಎಳೆದುಕೊಂಡ. ಕೆಮ್ಮಿದ. ಆ ಕೆಮ್ಮು ದಿನದ್ದೇ, ಯಾರೂ ತಿರುಗಿ ನೋಡಲಿಲ್ಲ.

"ಬಾಟಲಿ ಮಾಲೇ. ಹಾಕು."

ತೊಟ್ಟಿಯ ನೀರು ಇನ್ನೂ ಕೊಳೆಯಾಗಿರಲಿಲ್ಲ, ಅಷ್ಟರಲ್ಲಿ ಒಳಗಿನಿಂದ ಬಂತು ಅದು. ಮೂಗಿಗೆ ಸೂಜಿ, ಗಂಟಲಿಗೆ ಸೂಜಿ. ಮಿಷನ್ನಿನವನು ಸೊಂಟದ ಟವೆಲ್ ಬಾಯಿಗೆ ಒತ್ತಿಕೊಂಡು ಮೊದಲು ಓಡಿದ. ಹಿಂದೆಯೇ ಎಲ್ಲರೂ ಬಿದ್ದು ಎದ್ದು ಹೊರಗೆ. ಅವಳು ತಲೆ ಎಣಿಸುವ ಹಾಗೆ ಒಬ್ಬೊಬ್ಬರ ಮುಖ ನೋಡಿದಳು. ಅವನಿಲ್ಲ.

ಬಾಗಿಲಿನಿಂದ ಕಂಡಿತು. ಮಿಷನ್ನಿನ ಬಾಯಿಗೆ ಬಗ್ಗಿ ಕೈ ಹಾಕಿ ಹಾಳೆ ಎಳೆದು ಎಳೆದು ಹೊರಗೆ ಹಾಕುತ್ತಿದ್ದಾನೆ.

"ರೀ, ಬನ್ರೀ ಹೊರಗೆ! ಸಾಯ್ತೀರಾ!"

"ಇರೇ, ಬಂದೆ. ಹೀಗೇ ಬಿಟ್ರೆ ಮಿಷನ್ ಕಟ್ಕೊಳ್ಳುತ್ತೆ."

ಸಂತೆಯಲ್ಲಿ ನಿಂತು ಹೇಳುವ ಹಾಗೆ ನಿರಾಳವಾಗಿ ಹೇಳಿದ. ಸ್ವಿಚ್ ಆರಿಸಿ, ಕೈ ಒರೆಸಿಕೊಂಡು, ನಡೆದುಕೊಂಡು ಬಂದ. ಕಣ್ಣು ಕೆಂಡವಾಗಿತ್ತು. ಎಲ್ಲರೂ ಸುತ್ತುವರಿದರು. ಶೆಡ್ಡಿನ ಸಾಹುಕಾರರು ಬೆನ್ನು ತಟ್ಟಿದರು.

"ಎಂಥಾ ಗುಂಡಿಗೆ ಮಾರಾಯಾ ನಿಂದು! ಇವರೆಲ್ಲ ಇಲಿಗಳ ಹಾಗೆ ಓಡಿದ್ರು."

ಅವನು ನಕ್ಕ. ತೊಟ್ಟಿಯ ಹೆಂಗಸರು, "ನಿನ್ನ ಗಂಡ ಹುಲಿ ಕಣೇ," ಅಂದರು.

ಮನೆಗೆ ನಡೆಯುವಾಗ ಬೀದಿ ತಿರುಗುವಲ್ಲಿ ಅವನು ದೀಪದ ಕಂಬ ಹಿಡಿದು ನಿಂತ.

"ಹೇಗಿತ್ತೇ ಅದು, ವಾಸನೆ?"

ಅವಳು ಅವನ ತೋಳು ಹಿಡಿದಳು.

"ನನಗೇನೂ ಬರ್ಲಿಲ್ಲ. ಕಣ್ಣುರಿ ಅಷ್ಟೇ. ಕೆಮ್ಮು ದಿನಾ ಇರೋದೇ ತಾನೇ ಅಂದ್ಕೊಂಡೆ. ಇವರೆಲ್ಲ ಯಾಕೆ ಓಡ್ತಿದಾರೆ ಅಂತಾನೇ ತಿಳೀಲಿಲ್ಲ. ತಿಳಿಯೋ ಹೊತ್ತಿಗೆ ಮಾಲು ಮಿಷನ್ನಿನೊಳಗೆ ಹೋಗಿತ್ತು. ನಾನು ಹಾಕು ಅಂದ ಮಾಲಲ್ವಾ? ನಾನೇ ತೆಗೀಬೇಕಿತ್ತು."

"ಡಾಕ್ಟರ ಹತ್ತಿರ ಹೋಗೋಣ ನಡೀರಿ."

"ನಾಳೆ. ಯಾರ ಹತ್ತಿರಾನೂ ಬಾಯಿ ಬಿಡಬೇಡ. ಮೂಗಿಲ್ಲದ ಮೂಸಣ್ಣನ್ನ ಯಾರು ಇಟ್ಕೋತಾರೆ?"

ಊಟ ಮಾಡಿದ. ಮಲಗಿದವನು ಎದ್ದು ಕೂತ. ಕೂತವನಿಗೆ ಉಸಿರು ಸಿಗಲಿಲ್ಲ. ಪಕ್ಕದ ಮನೆಯವರ ಗಾಡಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಆ ಹೊಗೆ ತಡವಾಗಿ ಕೆಲಸ ಮಾಡುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಅಂತ ಡಾಕ್ಟರು ಹೇಳಿದರು. ಒಣ ಹಾಸಿಗೆಯ ಮೇಲೆ ಮಲಗಿ ಅವನು ಮುಳುಗಿದ. ಬೆಳಕು ಹರಿಯುವಷ್ಟರಲ್ಲಿ ಮುಗಿಯಿತು.

ಸಾಹುಕಾರರು ಮನೆಗೆ ಬಂದರು. ಶೆಡ್ಡಿನವರೂ ಬಂದು ಗೋಡೆಗೆ ಒರಗಿ ನಿಂತರು.

"ಅವನಿಗೆ ಭಯ ಅನ್ನೋದೇ ಇರ್ಲಿಲ್ಲ ಕಣಮ್ಮ," ಅಂದರು ಸಾಹುಕಾರರು.

ಬಾಯಿ ಬಿಡಬೇಡ ಅಂದಿದ್ದ ಅವನು. ಗೋಡೆಗೆ ಒರಗಿದವರನ್ನು ಅವಳು ನೋಡಿದಳು. ಮಿಷನ್ನಿನವನು ಮುಷ್ಟಿ ಅಡ್ಡ ಹಿಡಿದು ಕೆಮ್ಮುತ್ತಿದ್ದ.

"ಭಯ ಇತ್ತು ಸಾಹುಕಾರ್ರೇ. ಮೂಗು ಇರ್ಲಿಲ್ಲ," ಅಂದಳು.



ಈಗ ಅವನ ಮೇಜಿನ ಕೆಲಸ ಅವಳದು. ಹೊಗೆ ಮೂಸುವುದಿಲ್ಲ. ಅಂಗಳದ ಕೊನೆಯಲ್ಲಿ, ಗಾಳಿಗೆ ಬೆನ್ನು ಹಾಕಿ, ತಾಮ್ರದ ತಂತಿ ಕಾಸಿ ಚೂರಿಗೆ ಒತ್ತುತ್ತಾಳೆ, ಮತ್ತೆ ಉರಿಗೆ ಹಿಡಿಯುತ್ತಾಳೆ. ಪಿವಿಸಿ ಆದರೆ ಉರಿ ಹಸಿರಾಗುತ್ತದೆ. ಹಸಿರು ಕಂಡ ಮೂಟೆ ಒಳಗೆ ಹೋಗುವುದಿಲ್ಲ.

ಅದು ಆಮೇಲಿನ ಕೆಲಸ. ಬೆಳಿಗ್ಗೆ ಬಂದವಳು ಮೊದಲು ಸೆರಗಿನ ತುದಿಯಿಂದ ಸೋಪಿನ ತುಂಡು ಬಿಚ್ಚುತ್ತಾಳೆ. ಶೆಡ್ಡಿನ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಒಬ್ಬೊಬ್ಬರೂ ಕಣ್ಣು ಮುಚ್ಚಬೇಕು. ಒಮ್ಮೆ ಮೂಗಿಗೆ ಸೋಪು ಹಿಡಿಯುತ್ತಾಳೆ, ಒಮ್ಮೆ ಬರಿಗೈ.

"ಬಂತಾ?"

"ಬಂತಕ್ಕಾ."

"ಈಗ?"

"ಈಗಿಲ್ಲ. ಏನಕ್ಕಾ, ದಿನಾ ಹೆಣ್ಣು ನೋಡೋಕೆ ಬಂದವರ ಹಾಗೆ!"

ಬರಲಿಲ್ಲ ಅಂದವರನ್ನು ಆ ದಿನ ಮಿಷನ್ನಿನ ಹತ್ತಿರ ಬಿಡುವುದಿಲ್ಲ, ತೊಟ್ಟಿಗೆ ಕಳಿಸುತ್ತಾಳೆ. ಮೊನ್ನೆಯಿಂದ ಮಿಷನ್ನಿನವನು ಬರಿಗೈಗೂ ಬಂತು ಅನ್ನುತ್ತಿದ್ದಾನೆ. ಅವನೀಗ ತೊಟ್ಟಿಯಲ್ಲಿ ಲೇಬಲ್ ಕೀಳುತ್ತಾನೆ, ಶೀತ ಅನ್ನುತ್ತಾನೆ.

ಎಲ್ಲರೂ ಒಳಗೆ ಹೋದ ಮೇಲೆ ಅವಳೂ ಕಣ್ಣು ಮುಚ್ಚಿ ಸೋಪನ್ನು ಮೂಗಿಗೆ ಹಿಡಿಯುತ್ತಾಳೆ. ಬರುವವರೆಗೆ ಹಿಡಿದೇ ಇರುತ್ತಾಳೆ.